ಜಗಳವಿದೆ, ಬಿಗಿ ಇಲ್ಲ

ಪ್ರಶ್ನೆ: ಪ್ರೇಮಕಥೆಯೊಂದರ ಚಿತ್ರಕಥೆ ಬರೆಯುತ್ತಿದ್ದೇನೆ. ನಾಯಕಿಗೆ ದೂರದ ಊರಲ್ಲಿ ಕೆಲಸ ಸಿಕ್ಕಿದೆ. ನಾಯಕ ಕಾಯಿಲೆಯ ತಂದೆಯನ್ನು ಬಿಟ್ಟು ಬರಲಾರ. ಹೊರಡುವ ದಿನ ಇಬ್ಬರೂ 6 ಪುಟ ಜಗಳವಾಡುತ್ತಾರೆ. ಓದಿದವರೆಲ್ಲ ಸಪ್ಪೆ ಎನ್ನುತ್ತಾರೆ. ಎಲ್ಲಿ ತಪ್ಪಿದೆ?

ಉತ್ತರ: ಕಥೆಯ ಗಂಟು ಗಟ್ಟಿಯಾಗಿಯೇ ಇದೆ. ಇಬ್ಬರ ಮಾತೂ ಸರಿ, ಯಾರು ಸೋತರೂ ನೋಡುವವರಿಗೆ ಸಂಕಟ. ಒಂದು ಫೋನ್ ಮಾಡಿದ್ದರೆ ಬಗೆಹರಿಯುತ್ತಿದ್ದ ತಪ್ಪುತಿಳಿವಳಿಕೆಗಿಂತ ಇದು ಎಷ್ಟೋ ಮೇಲು. ಆದರೆ ಅದನ್ನೆಲ್ಲ ಪಾತ್ರಗಳ ಬಾಯಲ್ಲೇ ಆಡಿಸಿಬಿಟ್ಟಿದ್ದೀರಿ. ‘ನನ್ನ ಬಿಟ್ಟು ಹೋಗ್ತೀಯಾ?’ ಎಂದು ಮೊದಲ ಪುಟದಲ್ಲೇ ಕೇಳಿಯಾದ ಮೇಲೆ ಉಳಿದ ಐದು ಪುಟಗಳಲ್ಲಿ ದನಿ ಏರುತ್ತದೆ, ಕಥೆ ಏರುವುದಿಲ್ಲ. ಚಿತ್ರಕಥೆಯ ಒಂದು ಪುಟವೆಂದರೆ ತೆರೆಯ ಮೇಲೆ ಸುಮಾರು ಒಂದು ನಿಮಿಷ. ಆರು ನಿಮಿಷ ಸಿಟ್ಟೊಂದನ್ನೇ ಯಾರೂ ನೋಡಲಾರರು.

ನಾಟ್ಯಶಾಸ್ತ್ರ 33 ಸಂಚಾರಿ ಭಾವಗಳನ್ನು, ಅಂದರೆ ಬಂದು ಹೋಗುವ ಭಾವಗಳನ್ನು, ಎಣಿಸಿರುವುದು ಸುಮ್ಮನೆ ಅಲ್ಲ. ರತಿ, ಅಂದರೆ ಪ್ರೀತಿ, ಸ್ಥಾಯಿಯಾಗಿ, ನೆಲೆನಿಂತ ಭಾವವಾಗಿ ತಳದಲ್ಲಿ ಹರಿಯುತ್ತಿರಬೇಕು. ಅದರ ಮೇಲೆ ಶಂಕೆ, ಅಸೂಯೆ, ಚಿಂತೆ, ಔತ್ಸುಕ್ಯ ಬಂದು ಹೋಗುತ್ತಿರಬೇಕು. ನಿಮ್ಮ ದೃಶ್ಯದಲ್ಲಿ ತಳವೇ ಕಾಣುವುದಿಲ್ಲ. ಪ್ರೀತಿ ಕಾಣದ ಜಗಳ ಬರೀ ನೆರೆಹೊರೆಯವರ ತಕರಾರು.

ಮತ್ತೆ ಬರೆಯುವ ಮುನ್ನ ಒಬ್ಬೊಬ್ಬರಿಗೂ ಎರಡೇ ವಾಕ್ಯ ಗುರುತು ಮಾಡಿಕೊಳ್ಳಿ: ಈಗ ಎದುರಿನವರಿಂದ ಬೇಕಾದದ್ದೇನು, ಬಾಯಿಬಿಟ್ಟು ಹೇಳಲಾಗದ್ದೇನು. ಎರಡನೆಯದು ಸಂಭಾಷಣೆಯಲ್ಲಿ ಎಲ್ಲೂ ಬರಕೂಡದು. ಅದನ್ನು ಕೈಗಳಿಗೆ ಬಿಡಿ. ಅವಳ ಮನೆಯ ಕೀಲಿ ವಾಪಸು ಕೊಡಲು ಅವನು ಬಂದಿದ್ದಾನೆ ಎನ್ನಿ. ಗೊಂಚಲಿನ ಉಂಗುರ ಬಿಗಿ, ಉಗುರು ಜಾರುತ್ತಿದೆ.

‘ರೈಲು ಎಷ್ಟು ಗಂಟೆಗೆ?’
‘ಒಂಬತ್ತೂವರೆ. ಅಪ್ಪನ ಮಾತ್ರೆ ಬದಲಾಯಿಸಿದ್ರಾ?’
‘ಹ್ಞೂಂ. ಈಗ ರಾತ್ರಿ ಒಂದೇ.’

ಅವಳು ಗೊಂಚಲು ತೆಗೆದುಕೊಂಡು ಒಂದೇ ಸಲಕ್ಕೆ ಕೀಲಿ ಬಿಡಿಸುತ್ತಾಳೆ. ಅಂದು ಅದನ್ನು ಪೋಣಿಸಿ ಕೊಟ್ಟವಳೂ ಅವಳೇ. ‘ಹೋಗಬೇಡ’ ಎಂದು ಅವನು ಹೇಳಲಿಲ್ಲ, ‘ಬಾ’ ಎಂದು ಅವಳು ಕರೆಯಲಿಲ್ಲ. ಪೋಣಿಸಿದ ಗಳಿಗೆಯನ್ನು ಮೊದಲೆಲ್ಲೋ ಹತ್ತು ಸೆಕೆಂಡು ತೋರಿಸಿರಲೇಬೇಕು, ಇಲ್ಲವಾದರೆ ಇದು ಬರೀ ಕೀಲಿ. ಒಂದೂವರೆ ಪುಟ ಸಾಕು.

ಕೂಗಾಟವೇ ಬೇಡ ಎನ್ನುತ್ತಿಲ್ಲ. ಒಂದೇ ಒಂದು ಸಲ ಇರಲಿ, ಅದೂ ಸಣ್ಣ ವಿಷಯಕ್ಕೆ ಸಿಡಿಯಲಿ. ರೈಲಿನ ಚೀಟಿ ಸಿಗುತ್ತಿಲ್ಲವೆಂದು ರೇಗುವವಳ ಸಿಟ್ಟು ಚೀಟಿಯ ಮೇಲಲ್ಲ ಎಂಬುದು ನೋಡುವವರಿಗೆ ತಾನೇ ತಿಳಿಯುತ್ತದೆ.

ಪ್ರಶ್ನೆ: ಪ್ರೇಮಿಗಳ ನಡುವೆ ‘ದೀರ್ಘ ಮೌನ’ ಎಂದು ಬರೆದರೆ ನಟರು ಸುಮ್ಮನೆ ನಿಂತುಬಿಡುತ್ತಾರೆ. ಮೌನವನ್ನು ಬರೆಯುವುದು ಹೇಗೆ?

ಉತ್ತರ: ಮೌನಕ್ಕೆ ಮುಂಚೆ ಒಂದು ಪ್ರಶ್ನೆ ಬಿದ್ದಿರಬೇಕು, ಉತ್ತರಕ್ಕೆ ಯಾರೋ ಕಾಯುತ್ತಿರಬೇಕು. ಆಮೇಲೆ ‘ದೀರ್ಘ ಮೌನ’ ಎನ್ನುವುದನ್ನು ಹೊಡೆದುಹಾಕಿ, ಆ ಹೊತ್ತಿನಲ್ಲಿ ಆಗುವುದನ್ನು ಬರೆಯಿರಿ: ‘ಅವನು ಚಪ್ಪಲಿ ಮೆಟ್ಟುತ್ತಾನೆ. ಒಂದನ್ನು ಮಾತ್ರ.’ ನಟನಿಗೆ ಮಾಡಲು ಕೆಲಸ ಸಿಕ್ಕಿತು, ಹೋಗುವನೋ ನಿಲ್ಲುವನೋ ಎಂಬ ತಳಮಳವೂ ಉಳಿಯಿತು. ಅಲ್ಲಿ ಪಿಟೀಲು ಮಾತ್ರ ನುಡಿಸಬೇಡಿ. ಏನನಿಸಬೇಕೆಂದು ಸಂಗೀತ ಮೊದಲೇ ಹೇಳಿಬಿಟ್ಟರೆ ತಳಮಳ ಅಲ್ಲಿಗೇ ಸಡಿಲವಾಗುತ್ತದೆ. ಇನ್ನೊಂದು ಚಪ್ಪಲಿಗೆ ಕಾಲಿಟ್ಟ ಮೇಲೆ ಬೇಕಾದರೆ ಶುರುವಾಗಲಿ.