ವೈಪಿಂಗ್ ಟೂಲ್ ಓಡಿಸಿದ್ರೆ ಕಂಪ್ಯೂಟರ್‌ನಲ್ಲಿ ಏನೂ ಉಳಿಯಲ್ವಾ?

ಡಿಲೀಟ್ ಮಾಡಿ, ರೀಸೈಕಲ್ ಬಿನ್ ಖಾಲಿ ಮಾಡಿ, ಮೇಲೊಂದು ವೈಪಿಂಗ್ ಟೂಲ್ (ಡೇಟಾ ಮತ್ತೆ ಸಿಗದ ಹಾಗೆ ಅಳಿಸೋ ಪ್ರೋಗ್ರಾಮ್) ಓಡಿಸಿಬಿಟ್ರೆ ಫೊರೆನ್ಸಿಕ್ ಲ್ಯಾಬ್‌ನೋರಿಗೂ ಏನೂ ಸಿಗಲ್ಲ ಅಲ್ವಾ ಅಂತ ಕೇಳಿದೀರಿ. ಫೈಲ್ ಒಳಗಿದ್ದಿದ್ದು ಹೋಗಬಹುದು, ಆದ್ರೆ ಅಂಥದ್ದೊಂದು ಫೈಲ್ ಇತ್ತು ಅನ್ನೋ ಗುರುತು ಅಷ್ಟು ಸುಲಭಕ್ಕೆ ಹೋಗಲ್ಲ.

ನಾನು ಇದೇ ಫೀಲ್ಡಲ್ಲಿರೋದು. ವಿಂಡೋಸ್ ತನ್ನ ಅನುಕೂಲಕ್ಕೆ ಒಂದೇ ವಿಷಯಾನ ನಾಲ್ಕಾರು ಕಡೆ ಬರ್ಕೊಂಡಿರುತ್ತೆ, ಫೋಟೋ ಅಳಿಸಿದ್ರೂ ಅದರ ಥಂಬ್‌ನೇಲ್ (ಪುಟ್ಟ ಪ್ರತಿ) ಬೇರೆ ಕಡೆ ಉಳ್ಕೊಂಡಿರಬಹುದು, ಪೆನ್‌ಡ್ರೈವ್ ಚುಚ್ಚಿ ತೆಗೆದ್ರೆ ಅದರ ಸೀರಿಯಲ್ ನಂಬರ್ ರಿಜಿಸ್ಟ್ರಿಯಲ್ಲಿ, ಅಂದ್ರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನ ಬರೆದಿಡೋ ಜಾಗದಲ್ಲಿ, ಕೂತಿರುತ್ತೆ. ಇನ್ನು ಆ ವೈಪಿಂಗ್ ಟೂಲ್ ಓಡ್ಸಿದ್ರಲ್ಲ, ಅದೂ ಒಂದು ಪ್ರೋಗ್ರಾಮೇ ತಾನೆ? ಪ್ರೋಗ್ರಾಮ್‌ಗಳು ಬೇಗ ತೆರೀಲಿ ಅಂತ ವಿಂಡೋಸ್ ಇಟ್ಕೊಳ್ಳೋ ಪ್ರಿಫೆಚ್ ಫೋಲ್ಡರ್ ಒಳಗೆ ನೋಡಿದ್ರೆ ಆ ಟೂಲಿನ ಹೆಸರು, ಎಷ್ಟು ಸಲ ಓಡಿದೆ, ಕೊನೇ 8 ಸಲ ಯಾವಾಗ್ಯಾವಾಗ ಓಡಿದೆ ಅಂತ ಟೈಮ್ ಸಮೇತ ಸಿಗುತ್ತೆ. ಕೇಸಿನ ನೋಟಿಸ್ ಬಂದ ಮಾರನೇ ದಿನದ ಟೈಮ್ ಅಲ್ಲಿದ್ರೆ ಕೋರ್ಟಲ್ಲಿ ಏನು ಉತ್ತರ ಕೊಡ್ತೀರಿ? ಫೈಲ್ ಡೇಟ್ ತಿದ್ದೋರೂ ಇದಾರೆ, ಆದ್ರೆ ಎನ್‌ಟಿಎಫ್‌ಎಸ್ (ವಿಂಡೋಸ್ ಡಿಸ್ಕಲ್ಲಿ ಫೈಲ್ ಜೋಡಿಸಿಡೋ ವ್ಯವಸ್ಥೆ) ಒಂದೇ ಫೈಲಿಗೆ ಎರಡು ಸೆಟ್ ಟೈಮ್ ಇಟ್ಕೊಂಡಿರುತ್ತೆ, ಸಾಮಾನ್ಯ ಟೂಲ್‌ಗಳು ಒಂದನ್ನ ಮಾತ್ರ ತಿದ್ದುತ್ವೆ, ಎರಡೂ ತಾಳೆ ಆಗಲ್ಲ.

ಅಮೆರಿಕದ ಬಿಟಿಕೆ ಅನ್ನೋ ಸರಣಿ ಹಂತಕನ ಕೇಸ್ ನೋಡಿ. ಕ್ಯಾನ್ಸಸ್‌ನ ವಿಚಿಟಾ ಸುತ್ತಮುತ್ತ 1974ರಿಂದ 1991ರವರೆಗೆ 10 ಜನರನ್ನ ಕೊಂದೋನು, ಫ್ಲಾಪಿ (ಹಳೇ ಕಾಲದ ಪುಟ್ಟ ಡಿಸ್ಕ್) ಕಳಿಸಿದ್ರೆ ಪತ್ತೆ ಹಚ್ಚೋಕಾಗುತ್ತಾ ಅಂತ ಪೊಲೀಸರನ್ನೇ ಕೇಳಿದ, ಅವರು ಪೇಪರಲ್ಲಿ ಜಾಹೀರಾತು ಕೊಟ್ಟು ಏನೂ ಆಗಲ್ಲ ಅಂದ್ರು. 2005ರ ಫೆಬ್ರವರಿಯಲ್ಲಿ ಟಿವಿ ಚಾನೆಲ್‌ಗೆ ಫ್ಲಾಪಿ ಬಂತು. ಅದರಲ್ಲಿ ಡಿಲೀಟ್ ಆಗಿದ್ದ ಒಂದು ವರ್ಡ್ ಫೈಲಿನ ಮೆಟಾಡೇಟಾದಲ್ಲಿ (ಫೈಲ್ ಬಗ್ಗೆ ತಾನಾಗೇ ಸೇರೋ ಮಾಹಿತಿ) ಒಂದು ಚರ್ಚಿನ ಹೆಸರು, ಕೊನೆಗೆ ಸೇವ್ ಮಾಡಿದೋರು 'ಡೆನ್ನಿಸ್' ಅಂತ ಇತ್ತು. ಆ ಚರ್ಚಿನ ಕೌನ್ಸಿಲ್ ಅಧ್ಯಕ್ಷನೇ ಡೆನ್ನಿಸ್ ರೇಡರ್. ಕೊಲೆ ಜಾಗದಲ್ಲಿ ಸಿಕ್ಕಿದ್ದ ಡಿಎನ್‌ಎನ ಅವನ ಮಗಳ ಮೆಡಿಕಲ್ ಸ್ಯಾಂಪಲ್‌ನ ಡಿಎನ್‌ಎ ಜೊತೆ ಹೋಲಿಸಿ ಖಾತ್ರಿ ಮಾಡ್ಕೊಂಡು ಅದೇ ತಿಂಗಳು 25ಕ್ಕೆ ಹಿಡಿದ್ರು. 30 ವರ್ಷ ಕೈಗೆ ಸಿಗದೋನು!

ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ಡೇಟಾ ಇಡೋ ಹೊಸ ಥರದ ಡ್ರೈವ್) ಕಥೆ ಬೇರೆ, ಅದರಲ್ಲಿ ಟ್ರಿಮ್ ಅನ್ನೋ ಸೌಲಭ್ಯ ಆನ್ ಇದ್ರೆ ಡಿಲೀಟ್ ಆದ ಡೇಟಾನ ಡ್ರೈವ್ ತಾನೇ ಅಳಿಸ್ಕೊಳ್ಳುತ್ತೆ, ರಿಕವರಿ ನಿಜಕ್ಕೂ ಕಷ್ಟ. ಆದ್ರೆ ಮೇಲೆ ಹೇಳಿದ ದಾಖಲೆಗಳು ಅಲ್ಲೂ ಇರ್ತವೆ. ಹಳೇ ಲ್ಯಾಪ್‌ಟಾಪ್ ಮಾರೋಕೆ ಅಂತ ಕೇಳ್ತಿದ್ರೆ ಚಿಂತೆ ಬೇಡ, ಡಿಸ್ಕಿನ ಡೇಟಾನ ಕೀ ಇಲ್ದೆ ಓದೋಕಾಗದ ಹಾಗೆ ಮಾಡೋ (ಎನ್‌ಕ್ರಿಪ್ಟ್) ವಿಂಡೋಸ್‌ನ ಬಿಟ್‌ಲಾಕರ್ ಆನ್ ಮಾಡಿ ಪೂರ್ತಿ ಎನ್‌ಕ್ರಿಪ್ಟ್ ಆದ್ಮೇಲೆ 'ರಿಮೂವ್ ಎವೆರಿಥಿಂಗ್' ಕೊಟ್ಟು ರೀಸೆಟ್ ಮಾಡಿ, ಸಾಕು. ಕೇಸ್ ನಡೀತಿದ್ರೆ ಮಾತ್ರ ಮಷೀನ್ ಮುಟ್ಟಬೇಡಿ, ಮೊದಲು ವಕೀಲರ ಹತ್ರ ಹೋಗಿ, ಸಾಕ್ಷಿ ಸಿಗಬಾರದು ಅಂತ ಎಲೆಕ್ಟ್ರಾನಿಕ್ ದಾಖಲೆ ಅಳಿಸೋದೇ ನಮ್ಮಲ್ಲಿ ಬೇರೆ ಅಪರಾಧ.