ಕಡಿಮೆ ದರದವರಿಗೇ ಟೆಂಡರ್ ಕೊಡಬೇಕಲ್ವಾ, ಹಾಗಾದರೆ ಸರ್ಕಾರಿ ಕಚೇರಿ ಪರಿಸರಸ್ನೇಹಿ ಸಾಮಾನು ಕೊಳ್ಳುವುದು ಹೇಗೆ?

ಧಾರಾಳವಾಗಿ ಕೊಳ್ಳಬಹುದು. ಕರ್ನಾಟಕದಲ್ಲಿ ಸರ್ಕಾರಿ ಖರೀದಿ ನಡೆಯುವುದು 1999ರ ಪಾರದರ್ಶಕತೆ ಕಾಯ್ದೆಯಡಿ. ದರ ಹೋಲಿಸುವುದು ಟೆಂಡರ್‌ನಲ್ಲಿ ಕೇಳಿದ ಗುಣಮಟ್ಟಕ್ಕೆ ಹೊಂದುವ ಸಾಮಾನುಗಳ ನಡುವೆ ಮಾತ್ರ. ಹಾಗಾಗಿ ಎಲ್ಲ ಇರುವುದು ಸ್ಪೆಸಿಫಿಕೇಷನ್, ಅಂದರೆ ಸಾಮಾನು ಹೇಗಿರಬೇಕು ಅನ್ನುವ ವಿವರ, ಬರೆಯುವಾಗಲೇ. ದರ ತೆರೆದ ಮೇಲೆ 'ಇದು ಪರಿಸರಕ್ಕೆ ಒಳ್ಳೆಯದು' ಅಂತ ಜಾಸ್ತಿ ಬೆಲೆಯವರಿಗೆ ಕೊಟ್ಟರೆ ಆಡಿಟ್‌ನವರು ಸುಮ್ನೆ ಬಿಡುವುದಿಲ್ಲ.

ಸಾಗರದ ಯಾವುದೋ ಕಚೇರಿಗೆ ಫ್ಯಾನ್ ಬೇಕು ಅಂದುಕೊಳ್ಳಿ. ಬರೀ 'ಸೀಲಿಂಗ್ ಫ್ಯಾನ್' ಅಂತ ಬರೆದರೆ ಅಗ್ಗದ, ಸುಮಾರು 75 ವ್ಯಾಟ್ ಎಳೆಯುವ ಮಾದರಿ ಬರುತ್ತದೆ. 'ಬಿಎಲ್‌ಡಿಸಿ ಮೋಟರ್, 5 ಸ್ಟಾರ್' (ಬಿಎಲ್‌ಡಿಸಿ ಅಂದರೆ ಕಡಿಮೆ ವಿದ್ಯುತ್ ಎಳೆಯುವ ಬಗೆಯ ಮೋಟರ್) ಅಂತ ಬರೆದರೆ ಸುಮಾರು 30 ವ್ಯಾಟ್‌ನದು. ದಿನಕ್ಕೆ 8 ಗಂಟೆಯಂತೆ 250 ದಿನ ತಿರುಗಿದರೆ ಒಂದು ಫ್ಯಾನಿಗೆ ವರ್ಷಕ್ಕೆ 90 ಯೂನಿಟ್ ಉಳಿಯಿತು. (ಮಲೆನಾಡಿನ ಮಳೆಗಾಲದಲ್ಲಿ ಫ್ಯಾನ್ ಯಾರು ಹಾಕ್ತಾರೆ ಅಂತೀರಾ? ಸರಿ, ಸ್ವಲ್ಪ ಇಳಿಸಿಕೊಳ್ಳಿ.) ಈ ಲೆಕ್ಕವನ್ನು ಕಡತದಲ್ಲೇ ಹಾಕಿಡಿ. ಟೆಂಡರ್‌ನಲ್ಲಿ ಕಂಪನಿ ಹೆಸರು ಮಾತ್ರ ಬರೆಯಬೇಡಿ.

ಸಭೆ, ತರಬೇತಿಯ ಊಟದ ವಿಷಯ ಇನ್ನೂ ಸುಲಭ. ಪ್ಲಾಸ್ಟಿಕ್ ತಟ್ಟೆ, ಲೋಟ, ಫ್ಲೆಕ್ಸ್ ರಾಜ್ಯದಲ್ಲಿ 2016ರಲ್ಲೇ ನಿಷೇಧವಾಗಿವೆ. ಅಡಿಕೆ ಹಾಳೆ ತಟ್ಟೆ ಶಿವಮೊಗ್ಗ ಸುತ್ತಮುತ್ತ ತಯಾರಾಗುತ್ತದೆ, ದೂರದಿಂದ ತರಿಸಬೇಕಾಗಿಲ್ಲ. ಆದರೆ ಅಳತೆ, ದಪ್ಪದ ಜೊತೆಗೆ 'ಚೆನ್ನಾಗಿ ಒಣಗಿರಬೇಕು' ಅಂತಲೂ ಸೇರಿಸಿ. ಇಲ್ಲದಿದ್ದರೆ ಆಷಾಢದ ಮಳೆಯಲ್ಲಿ ಬೂಷ್ಟು ಹಿಡಿದ ಕಟ್ಟುಗಳು ಬಂದಿಳಿಯುತ್ತವೆ, ವಾಪಸ್ ಕಳಿಸಲು ನಿಮ್ಮ ಕೈಯಲ್ಲಿ ಷರತ್ತೇ ಇರುವುದಿಲ್ಲ.