ಗಿಗಾಓಮ್ ಸೀಲ್ ಕೂರುತ್ತಿಲ್ಲವೇ? ಕೈಯನ್ನು ದೂರುವ ಮೊದಲು ಪಿಪೆಟ್ ತುದಿ ನೋಡಿ

ಐಯಾನ್ ಚಾನೆಲ್ ಲ್ಯಾಬಿಗೆ ಪಿಎಚ್‌ಡಿಗೆ ಸೇರಿ ಎಚ್‌ಇಕೆ (ಲ್ಯಾಬಿನಲ್ಲಿ ಬೆಳೆಸುವ, ಮಾನವ ಮೂತ್ರಪಿಂಡ ಮೂಲದ) ಕೋಶಗಳ ಮೇಲೆ ಪ್ಯಾಚ್ ಕ್ಲ್ಯಾಂಪ್ ಕಲಿಯುತ್ತಿದ್ದೇನೆ, ಸೀಲ್ 200 ಮೆಗಾಓಮ್ ದಾಟುವುದೇ ಇಲ್ಲ, ಕೇಳಿದರೆ ಎಲ್ಲರೂ ‘ಕೈ ಪಳಗಬೇಕು’ ಎನ್ನುತ್ತಾರೆ, ನಿಜವಾಗಿ ಏನು ಸರಿಪಡಿಸಬೇಕು ಎಂದು ಕೇಳಿದ್ದೀರಿ. (ಹೊಸಬರಿಗೆ: ಸಪೂರ ಗಾಜಿನ ಪಿಪೆಟ್ಟಿನ ತುದಿಯನ್ನು ಕೋಶದ ಪೊರೆಗೆ ಒತ್ತಿ, ಪೊರೆಯ ಅಯಾನು ಚಾನೆಲ್‌ಗಳ, ಅಂದರೆ ಅಯಾನುಗಳು ಹಾಯುವ ಪ್ರೋಟೀನ್ ರಂಧ್ರಗಳ, ಕರೆಂಟ್ ಅಳೆಯುವುದೇ ಪ್ಯಾಚ್ ಕ್ಲ್ಯಾಂಪ್. ಗಾಜು ಮತ್ತು ಪೊರೆಯ ನಡುವಿನ ಬಿಗಿಯಾದ ಅಂಟೇ ಸೀಲ್; ಅದರ ರೋಧ ಹೆಚ್ಚಿದಷ್ಟೂ ಸೋರಿಕೆ ಕಡಿಮೆ.) ಕೈ ಪಳಗಬೇಕು, ನಿಜ. ಆದರೆ ನನ್ನ ಪ್ರಕಾರ ಹೆಚ್ಚಿನ ಸೀಲ್‌ಗಳು ಕೆಡುವುದು ಪಿಪೆಟ್ ಕೋಶವನ್ನು ಮುಟ್ಟುವ ಮೊದಲೇ.

ಗಿಗಾಓಮ್ ಏಕೆ ಬೇಕು ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ಒಂದೇ ಒಂದು ಚಾನೆಲ್ ತೆರೆದಾಗ ಹರಿಯುವ ಕರೆಂಟ್ ಸಾಮಾನ್ಯವಾಗಿ ಕೆಲವೇ ಪೈಕೋಆಂಪಿಯರ್. ಒಂದು ಪೈಕೋಆಂಪಿಯರ್ ಎಂದರೆ ಸೆಕೆಂಡಿಗೆ ಸುಮಾರು 62 ಲಕ್ಷ ಏಕವೇಲೆನ್ಸಿ ಅಯಾನುಗಳು. ಸೀಲ್‌ನ ರೋಧ 50 ಮೆಗಾಓಮ್ ಇದ್ದರೆ, 1 ಕಿಲೋಹರ್ಟ್ಜ್ ಬ್ಯಾಂಡ್‌ವಿಡ್ತ್‌ನಲ್ಲಿ ಅದರ ಉಷ್ಣ ಗದ್ದಲವೊಂದೇ ಸುಮಾರು 0.6 ಪೈಕೋಆಂಪಿಯರ್. 10 ಗಿಗಾಓಮ್ ಆದರೆ 0.04ಕ್ಕೆ ಇಳಿಯುತ್ತದೆ. ಇಡೀ ಕೋಶದ ಕರೆಂಟ್ ಅಳೆಯುವಾಗ ಈ ಗದ್ದಲ ಅಷ್ಟಾಗಿ ಕಾಡದಿದ್ದರೂ, ಸೀಲ್ ಮೂಲಕ ಸೋರುವ ಕರೆಂಟ್ ನಿಮ್ಮ ದತ್ತಾಂಶಕ್ಕೆ ಸೇರಿಕೊಳ್ಳುತ್ತದೆ.

ಗಟಿಂಗೆನ್‌ನಲ್ಲಿ ಎರ್ವಿನ್ ನೇಹರ್ ಮತ್ತು ಬರ್ಟ್ ಸಾಕ್‌ಮನ್ ಹಲವು ವರ್ಷ ಗುದ್ದಾಡಿದ್ದು ಇದೇ ಸೋರಿಕೆಯ ಜೊತೆ. 1976ರಲ್ಲಿ ಅವರು ಕಪ್ಪೆಯ ಸ್ನಾಯುತಂತುವಿನ ಮೇಲ್ಮೈಯನ್ನು ಕಿಣ್ವದಿಂದ ತೊಳೆದು, ಅಸಿಟೈಲ್‌ಕೋಲಿನ್ ಗ್ರಾಹಕದ ಒಂಟಿ ಚಾನೆಲ್ ತೆರೆದು ಮುಚ್ಚುವುದನ್ನು ದಾಖಲಿಸಿದಾಗಲೂ ಸೀಲ್ ಮೆಗಾಓಮ್‌ಗಳಲ್ಲೇ ಇತ್ತು. 1980ರಲ್ಲಿ, ಆಗಷ್ಟೇ ತಯಾರಿಸಿದ ಶುಚಿಯಾದ ಪಿಪೆಟ್ಟಿಗೆ ಮೆಲ್ಲಗೆ ಹೀರಿಕೆ ಕೊಟ್ಟಾಗ ರೋಧ ಗಿಗಾಓಮ್‌ಗೆ ಜಿಗಿಯಿತು. ಹ್ಯಾಮಿಲ್, ಮಾರ್ಟಿ, ಸಿಗ್‌ವರ್ತ್ ಜೊತೆ ಸೇರಿ 1981ರಲ್ಲಿ ಅವರು ಪ್ರಕಟಿಸಿದ ವಿಧಾನವೇ ಇಂದಿಗೂ ನಮ್ಮ ಮೇಜಿನ ಮೇಲಿದೆ. 1991ರ ನೊಬೆಲ್ ಬಂದದ್ದು ಈ ಕೆಲಸಕ್ಕೆ. ‘ಶುಚಿಯಾದ, ಹೊಸ ಪಿಪೆಟ್’ ಎಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳಿ. ಒಂದು ಪಿಪೆಟ್, ಒಂದೇ ಪ್ರಯತ್ನ. ಕೋಶವನ್ನು ಒಮ್ಮೆ ಮುಟ್ಟಿದ ತುದಿಗೆ ಪೊರೆಯ ಚೂರು ಅಂಟಿರುತ್ತದೆ, ಅದರಿಂದ ಇನ್ನೊಂದು ಕೋಶಕ್ಕೆ ಹೋಗಬೇಡಿ. ಪಿಪೆಟ್‌ಗಳನ್ನು ಅಂದೇ ಎಳೆದು ಮುಚ್ಚಿದ ಡಬ್ಬಿಯಲ್ಲಿಡಿ, ನಿನ್ನೆಯದು ಬೇಡ.

ಹೋಲ್ ಸೆಲ್‌ಗೆ (ಸೀಲ್ ಆದ ಮೇಲೆ ತುದಿಯಡಿಯ ಪೊರೆ ಒಡೆದು ಇಡೀ ಕೋಶದ ಕರೆಂಟ್ ಅಳೆಯುವ ವಿಧಾನ) 1.5 ಮಿಲಿಮೀಟರ್ ಹೊರವ್ಯಾಸದ ಬೋರೋಸಿಲಿಕೇಟ್ ಗಾಜು, ತುದಿ 1ರಿಂದ 2 ಮೈಕ್ರಾನ್, ದ್ರಾವಣ ತುಂಬಿದಾಗ ರೋಧ 3ರಿಂದ 5 ಮೆಗಾಓಮ್ ಇರಲಿ. ಫೈರ್ ಪಾಲಿಶ್ ಮಾಡಿದರೆ, ಅಂದರೆ ತುದಿಯನ್ನು ಬಿಸಿ ಮಾಡಿ ನುಣುಪಾಗಿಸಿದರೆ, ಸೀಲ್ ಸುಲಭ. ಒಳದ್ರಾವಣವನ್ನು (ಪಿಪೆಟ್ಟಿನೊಳಗಿನದು) 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಲೇಬೇಕು. ಡಿಷ್‌ನ ಕಲ್ಚರ್ ಮೀಡಿಯಂ ತೆಗೆದು ಹೊರದ್ರಾವಣದಿಂದ (ಪ್ರಯೋಗದಲ್ಲಿ ಕೋಶಗಳ ಸುತ್ತ ಇರುವುದು) ಎರಡು ಮೂರು ಬಾರಿ ಬದಲಾಯಿಸಿ, ಏಕೆಂದರೆ ಸೀರಮ್‌ನ ಪ್ರೋಟೀನ್ ತುದಿಗೆ ಮೆತ್ತಿಕೊಳ್ಳುತ್ತದೆ. ಪಿಪೆಟ್ ದ್ರಾವಣದ ಮೇಲ್ಮೈಯನ್ನು ದಾಟುವ ಮೊದಲೇ ಒಳಗೆ ಸ್ವಲ್ಪ ಧನ ಒತ್ತಡವಿರಬೇಕು. ಕಸವೆಲ್ಲ ತೇಲುವುದು ಮೇಲ್ಮೈಯಲ್ಲೇ.

ಇನ್ನು ಹೆಚ್ಚಿನವರು ಅಳೆಯದೇ ಬಿಡುವ ಸಂಗತಿ ಆಸ್ಮೊಲಾರಿಟಿ, ಅಂದರೆ ದ್ರಾವಣದಲ್ಲಿ ಕರಗಿದ ಕಣಗಳ ಒಟ್ಟು ಸಾಂದ್ರತೆ. ಹೊರಗೆ 300ರಿಂದ 310 ಇದ್ದರೆ ಒಳದ್ರಾವಣ 10ರಿಂದ 20 ಮಿಲಿಆಸ್ಮೋಲ್ ಕಡಿಮೆ ಇರಲಿ. ತಿರುಗುಮುರುಗಾದರೆ ಪೊರೆ ಒಡೆದ ಮೇಲೆ ಕೋಶ ಊದಿಕೊಂಡು ಸೀಲ್ ಹೋಗುತ್ತದೆ. ಪಾಕವಿಧಾನದಲ್ಲಿ ಬರೆದ ಲೆಕ್ಕವನ್ನು ನಂಬದೆ ಆಸ್ಮೋಮೀಟರ್‌ನಲ್ಲೇ ನೋಡಿ. ಪಿಎಚ್ ಒಳಗೆ 7.2, ಹೊರಗೆ 7.4. ಹೊರಗೆ 2 ಮಿಲಿಮೋಲಾರ್ ಕ್ಯಾಲ್ಸಿಯಂ ಹಾಕಲು ಮರೆತರೂ ಸೀಲ್ ಕಷ್ಟ, ದ್ವಿವೇಲೆನ್ಸಿ ಅಯಾನುಗಳು ಗಾಜು ಮತ್ತು ಪೊರೆಯನ್ನು ಹತ್ತಿರ ಹಿಡಿಯಲು ನೆರವಾಗುತ್ತವೆ.

ಇನ್ನು ಟೆಸ್ಟ್ ಪಲ್ಸ್ ಓದುವುದು, ಅಂದರೆ ರೋಧ ತಿಳಿಯಲು ಪದೇ ಪದೇ ಕೊಡುವ ಸಣ್ಣ ವೋಲ್ಟೇಜ್‌ಗೆ ಬರುವ ಕರೆಂಟ್ ನೋಡುವುದು. ನಿಮ್ಮ ತೊಂದರೆಯ ಉತ್ತರ ಹೆಚ್ಚಾಗಿ ಅಲ್ಲಿಯೇ ಕಾಣುತ್ತದೆ. 5 ಮಿಲಿವೋಲ್ಟ್ ಪಲ್ಸ್‌ಗೆ 4 ಮೆಗಾಓಮ್ ಪಿಪೆಟ್ 1.25 ನ್ಯಾನೋಆಂಪಿಯರ್ ಕೊಡಬೇಕು. ಇಳಿಸುವಾಗಲೇ ಇದು ಕುಗ್ಗಿದರೆ ತುದಿಗೆ ಕಸ ಸಿಕ್ಕಿದೆ, ಪಿಪೆಟ್ ಎಸೆಯಿರಿ. ಆಫ್‌ಸೆಟ್ ಸೊನ್ನೆ ಮಾಡಿದ ಮೇಲೂ ಬೇಸ್‌ಲೈನ್ ಜಾರುತ್ತಿದ್ದರೆ ಪಿಪೆಟ್ಟಿನೊಳಗೆ ಎಲೆಕ್ಟ್ರೋಡ್ ಆಗಿರುವ ಬೆಳ್ಳಿ ತಂತಿಯ ಕ್ಲೋರೈಡ್ ಸವೆದಿದೆ. ಮನೆಬಳಕೆಯ ಬ್ಲೀಚ್‌ನಲ್ಲಿ ಕಪ್ಪು ಬೂದು ಬಣ್ಣ ಬರುವವರೆಗೆ ಅದ್ದಿ, ತೊಳೆದು ಹಾಕಿ. ಕೋಶವನ್ನು ತಾಗಿದಾಗ ಧನ ಒತ್ತಡದಿಂದ ಪೊರೆಯಲ್ಲಿ ಚಿಕ್ಕ ಗುಳಿ ಕಾಣುತ್ತದೆ, ರೋಧ ಅರ್ಧದಿಂದ ಒಂದು ಮೆಗಾಓಮ್ ಏರುತ್ತದೆ. ಅಲ್ಲೇ ನಿಂತು ಒತ್ತಡ ಬಿಡಿ. ಎಷ್ಟೋ ಸಲ ಇಷ್ಟಕ್ಕೇ ಸೀಲ್ ಶುರುವಾಗುತ್ತದೆ. ಮೆಲ್ಲಗೆ ಹೀರಿ, ಹೋಲ್ಡಿಂಗ್ ವೋಲ್ಟೇಜ್ ಅನ್ನು ನಿಧಾನಕ್ಕೆ ಮೈನಸ್ 60 ಮಿಲಿವೋಲ್ಟ್‌ಗೆ ಇಳಿಸಿ. 1 ಗಿಗಾಓಮ್ ಆದಾಗ ಆ 1.25 ನ್ಯಾನೋಆಂಪಿಯರ್ 5 ಪೈಕೋಆಂಪಿಯರ್‌ಗೆ ಇಳಿದು, ಗೆರೆ ಬಹುತೇಕ ಚಪ್ಪಟೆಯಾಗಿ ಕಾಣುತ್ತದೆ.

200 ಮೆಗಾಓಮ್‌ನಲ್ಲಿ ನಿಂತುಬಿಡುವುದು ನಿಮ್ಮ ಪ್ರಕರಣ. ನಾನು ಮೊದಲು ಅನುಮಾನಿಸುವುದು ಪಿಪೆಟ್ ಹಿಡಿಯುವ ಹೋಲ್ಡರ್ ಅನ್ನು. ಒಳಗಿನ ರಬ್ಬರ್ ರಿಂಗ್ ಬಿರಿದಿದ್ದರೆ ನೀವು ಕೊಟ್ಟ ಒತ್ತಡ ತುದಿಯವರೆಗೆ ಉಳಿಯುವುದಿಲ್ಲ, ದಾರಿಯುದ್ದಕ್ಕೂ ತುದಿಗೆ ಕಸ ಕೂರುತ್ತದೆ, ಆಮೇಲೆ ಹೀರಿದರೂ ಹಿಡಿತ ಸಿಗುವುದಿಲ್ಲ. ಒತ್ತಡ ಕೊಟ್ಟು ಕವಾಟ ಮುಚ್ಚಿ. ಎರಡು ನಿಮಿಷದ ನಂತರವೂ ತುದಿಯಿಂದ ದ್ರಾವಣ ಹೊರಹರಿದು ಹತ್ತಿರದ ಧೂಳಿನ ಕಣಗಳನ್ನು ತಳ್ಳುತ್ತಿದೆಯೇ ನೋಡಿ. ಎರಡನೆಯ ಅನುಮಾನ ಕೋಶಗಳ ಮೇಲೆ. ಕೋಶಗಳನ್ನು ಬಿಡಿಬಿಡಿಯಾಗಿಸುವ ಕಿಣ್ವ ಟ್ರಿಪ್ಸಿನ್ ಅನ್ನು ಹೆಚ್ಚು ಹೊತ್ತು ಕೊಟ್ಟಿದ್ದರೆ ಪೊರೆ ಬಡಕಲಾಗುತ್ತದೆ. ಅಂಚು ಹೊಳೆಯುವ, ಒಂಟಿಯಾಗಿ ಕುಳಿತ ಕೋಶ ಆರಿಸಿ. ಗುಂಪಿನಲ್ಲಿರುವ ಎಚ್‌ಇಕೆ ಕೋಶಗಳು ಒಂದಕ್ಕೊಂದು ವಿದ್ಯುತ್ ಸಂಪರ್ಕದಲ್ಲಿರುತ್ತವೆ, ಅಲ್ಲಿ ಕೋಶದ ಗಾತ್ರ ತಿಳಿಸುವ ಕೆಪಾಸಿಟೆನ್ಸ್ ಅಳತೆಯೇ ಅರ್ಥ ಕಳೆದುಕೊಳ್ಳುತ್ತದೆ.

ಸೋಡಿಯಂ ಕರೆಂಟ್ ಅಳೆಯುವವರು ಒಳದ್ರಾವಣಕ್ಕೆ ಸೀಸಿಯಂ ಫ್ಲೋರೈಡ್ ಹಾಕಿ ಗಟ್ಟಿ ಸೀಲ್ ಪಡೆಯುತ್ತಾರೆ. ಕಲಿಯುವ ಹಂತದಲ್ಲಿ ನಾನು ಅದನ್ನು ಸಲಹೆ ಮಾಡುವುದಿಲ್ಲ. ಫ್ಲೋರೈಡ್ ಜಿ ಪ್ರೋಟೀನ್ ಸಂಕೇತಗಳನ್ನು ಕದಡುತ್ತದೆ, ಜೊತೆಗೆ ನಿಮ್ಮ ಸೆಟಪ್‌ನ ದೋಷವನ್ನೂ ಮುಚ್ಚಿಡುತ್ತದೆ.

ಸೀಲ್ ಆಗಿ ಪೊರೆ ಒಡೆದ ಮೇಲೂ ಸೀರೀಸ್ ರೆಸಿಸ್ಟೆನ್ಸ್ (ಪಿಪೆಟ್ಟಿನಿಂದ ಕೋಶದೊಳಗಿನವರೆಗಿನ ದಾರಿಯ ರೋಧ) ಬಗ್ಗೆ ಎಚ್ಚರ ಬೇಕು. ಅದು 10 ಮೆಗಾಓಮ್ ಇದ್ದು ಕರೆಂಟ್ 5 ನ್ಯಾನೋಆಂಪಿಯರ್ ಆದರೆ ವೋಲ್ಟೇಜ್ ತಪ್ಪು 50 ಮಿಲಿವೋಲ್ಟ್. ಶೇ 80 ಸರಿದೂಗಿಸಿದರೂ 10 ಮಿಲಿವೋಲ್ಟ್ ಉಳಿಯುತ್ತದೆ. ಕರೆಂಟ್-ವೋಲ್ಟೇಜ್ ಗೆರೆ ಒಮ್ಮೆಲೇ ಕಡಿದಾಗಿ ಕೆಳಗಿಳಿದರೆ ಚಾನೆಲ್‌ನ ಗುಣವೆಂದು ಬರೆಯುವ ಮೊದಲು ಈ ಲೆಕ್ಕ ಮಾಡಿ. ಪ್ರಯೋಗದ ಮೊದಲು, ನಡುವೆ, ಕೊನೆಗೆ ಅದನ್ನು ದಾಖಲಿಸಿ. ಶೇ 20ಕ್ಕಿಂತ ಹೆಚ್ಚು ಬದಲಾದ ಕೋಶವನ್ನು ನಾನಾದರೆ ಕೈಬಿಡುತ್ತೇನೆ.

ಇಷ್ಟು ನೋಡಿದ ಮೇಲೂ ಸೀಲ್ ಬರದಿದ್ದರೆ ಎರಡೂ ದ್ರಾವಣಗಳ ಅಳೆದ ಆಸ್ಮೊಲಾರಿಟಿ, ಪಿಪೆಟ್ ರೋಧ, ಕೋಶ ತಾಗುವ ಮೊದಲಿನ ಮತ್ತು ನಂತರದ ಟೆಸ್ಟ್ ಪಲ್ಸ್ ಚಿತ್ರ ಇವಿಷ್ಟನ್ನು ಕೆಳಗೆ ಹಾಕಿ, ನೋಡಿ ಹೇಳುತ್ತೇನೆ.